ಅತ್ತೆಯ ಕೊಡ ಕಲಾಕೃತಿಯಾದ ಬಗ್ಗೆ ಒಂದು ವಿನಮ್ರ ತಕರಾರು

ಮಾನ್ಯ ಕಲಾವಿದೆ ತೇಜಸ್ವಿನಿ ಅವರಿಗೆ,
ಸದ್ಯದ ಬಿಡಾರ: ಹಳೇ ಅಡಿಕೆ ಗೋದಾಮು, ಹೊಳಲ್ಕೆರೆ.

ಮಾನ್ಯರೇ,

ಬಸ್ ನಿಲ್ದಾಣದ ಹಿಂದಿನ ಬೀದಿಯ ಸಮಸ್ತ ನಿವಾಸಿಗಳ ಪರವಾಗಿ, ಮಿರ್ಚಿ-ಮಂಡಕ್ಕಿ ಅಂಗಡಿಯ ಅನುಸೂಯ ತಲೆಬಾಗಿ ಮಾಡುವ ನಮಸ್ಕಾರಗಳು. ಒಂದು ಕೊಡ ಹೊರತು ಇತ್ತ ನಾವೆಲ್ಲ ಕ್ಷೇಮ. ಅತ್ತ ತಾವೂ, ತಮ್ಮ ವಶದಲ್ಲಿರುವ ಆ ಕೊಡವೂ ಕ್ಷೇಮವೆಂದು ನಂಬಿದ್ದೇನೆ.

ನಮ್ಮ ಬೀದಿಯಲ್ಲಿ ಯಾರಿಗೆ ಯಾವ ಅರ್ಜಿ ಬೇಕಾದರೂ ಬರೆದುಕೊಡುವವಳು ನಾನೇ ಆದ್ದರಿಂದ, ಬೀದಿದೀಪದಿಂದ ಹಿಡಿದು ವೃದ್ಧಾಪ್ಯ ವೇತನದವರೆಗೆ ಎಲ್ಲ ಮನವಿಗಳ ಧಾಟಿಯೂ ನನಗೆ ರೂಢಿಯಾಗಿದೆ. ಆದರೆ ಕಲಾಕೃತಿಯೊಂದನ್ನು 'ಇದು ನಮ್ಮ ಮನೆಯ ಪಾತ್ರೆ, ಮನೆಗೆ ಕಳಿಸಿಕೊಡಿ' ಎಂದು ಕೇಳುವ ಪ್ರಸಂಗ ಇದೇ ಮೊದಲು, ತಪ್ಪಿದ್ದರೆ ಮನ್ನಿಸಬೇಕು. ಈ ಪತ್ರದ ಒಂದು ಪ್ರತಿಯನ್ನು ಅಂಗಡಿಯ ಮುಂದೆಯೂ ಅಂಟಿಸುತ್ತಿರುವುದಕ್ಕೆ ಬೇಸರಿಸಬಾರದು. ತಮ್ಮ ಕೃತಿಯನ್ನು ಊರೆಲ್ಲ ನೋಡುತ್ತಿರುವಾಗ ನನ್ನ ತಕರಾರನ್ನೂ ನಾಲ್ಕು ಜನ ನೋಡಲಿ ಎಂಬ ಸಣ್ಣ ಆಸೆ, ಅಷ್ಟೆ.

ಮೊದಲಿಗೆ ತಮ್ಮನ್ನು ಹೊಗಳಬೇಕು. ತಾವು ಇಂಥ ಕಲೆಗೆ ಹೇಳುವ 'ಪ್ರತಿಷ್ಠಾಪನೆ' ಎಂಬ ಮಾತನ್ನು ನಾವು ಗಣೇಶನ ಹಬ್ಬದಲ್ಲಿ ಬಿಟ್ಟರೆ ಬೇರೆಲ್ಲೂ ಕೇಳಿದವರಲ್ಲ. ವ್ಯಾಪಾರವೆಲ್ಲ ಮಾರುಕಟ್ಟೆ ಪ್ರಾಂಗಣಕ್ಕೆ ಹೋದ ಮೇಲೆ ಹೆಗ್ಗಣಗಳ ಪಾಲಾಗಿದ್ದ ಗೋದಾಮನ್ನು ತಾವು ಗುಡಿಸಿ, ಸುಣ್ಣ ಬಳಿಸಿ, ಒಳಗೆ ಅಡಿಕೆ ಸಿಪ್ಪೆಯ ರಾಶಿ ಹಾಕಿಸಿ ಅದರ ಮೇಲೆ ಕೆಂಪು ದೀಪ ಬಿಟ್ಟಿದ್ದೀರಿ. ಆ ರಾಶಿ ನೋಡಿ ನಮ್ಮವರು ನಕ್ಕದ್ದು ನಿಜ, ಏಕೆಂದರೆ ಅದನ್ನು ಮನೆ ಮುಂದಿನಿಂದ ಸಾಗಿಸುವುದಕ್ಕೆ ಸುಗ್ಗಿಯಿಡೀ ಟ್ರ್ಯಾಕ್ಟರ್ ಹುಡುಕುವವರು ನಾವು. ಆದರೆ ತೊಲೆಯಿಂದ ಇಳಿಬಿಟ್ಟ ಹಳೇ ಸೀರೆಗಳ ನಡುವೆ ನಡೆದಾಗ ನಾನು ನಗಲಿಲ್ಲ. ಒಣಹಾಕಿದ ಸೀರೆಗಳ ಹಿಂದೆ ಅಡಗಿಕೊಂಡು ಅಮ್ಮನನ್ನು ಕಾಡುತ್ತಿದ್ದ ದಿನಗಳು ನೆನಪಾಗಿ, ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ ಎಂಬುದನ್ನೂ ಮರೆತು ನಿಂತುಬಿಟ್ಟೆ. ಇದು ನಿಜವಾದ ಹೊಗಳಿಕೆ. ವ್ಯಂಗ್ಯ ಇನ್ನು ಮುಂದೆ ಶುರುವಾಗುತ್ತದೆ.

ತಮ್ಮ ಪ್ರದರ್ಶನದ ಮುಖ್ಯ ಕೃತಿಯ ಹೆಸರು 'ಬರಿದು'. ಗೋದಾಮಿನ ಬಾಗಿಲ ಹೊರಗಿನಿಂದ ಹೊರಟು, ಒಳಗೆಲ್ಲ ಸುತ್ತಿ, ಎದುರು ಗೋಡೆಯ ಒಂದು ಹಿತ್ತಾಳೆ ನಲ್ಲಿಯ ಕೆಳಗೆ ಹೋಗಿ ನಿಲ್ಲುವ ಖಾಲಿ ಕೊಡಗಳ ಸಾಲು. ಆ ನಲ್ಲಿಯ ಹಿಂದೆ ಪೈಪಿಲ್ಲ ಎಂಬುದು ತಮಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ.

ಇಲ್ಲಿ ನಮ್ಮ ಬೀದಿಯ ಪದ್ಧತಿಯನ್ನು ತಮಗೆ ಸ್ವಲ್ಪ ವಿವರಿಸಬೇಕು. ಕುಡಿಯುವ ನೀರಿನ ಘಟಕಕ್ಕೆ ರಿಪೇರಿಯೆಂದು ಬೀಗ ಬಿದ್ದಾಗಿನಿಂದ ನಮಗೆ ಟ್ಯಾಂಕರೇ ಗತಿ, ಅದು ಬರುವ ಹೊತ್ತು ಅದನ್ನು ಓಡಿಸುವ ನಾಗರಾಜನಿಗೂ ಗೊತ್ತಿರುವುದಿಲ್ಲ. ಕಾಯುತ್ತ ನಿಂತರೆ ಮನೆಗೆಲಸ ಆಗುವುದಿಲ್ಲವಾದ್ದರಿಂದ ನಮ್ಮ ಪರವಾಗಿ ನಮ್ಮ ಕೊಡ ನಿಲ್ಲುತ್ತದೆ. ಕೊಡ ಇಲ್ಲದಿದ್ದರೆ ಕ್ಯಾನು, ಕ್ಯಾನೂ ಇಲ್ಲದಿದ್ದರೆ ಒಂದು ಕಲ್ಲು. ಇಟ್ಟು ಹೋದರೆ ಮುಗಿಯಿತು, ಆ ಜಾಗ ಅವರದೇ. ಕಲ್ಲನ್ನು ಕಾಲಲ್ಲಿ ಸರಿಸಿ ಮುಂದೆ ಹೋದವರ ಹೆಸರನ್ನು ನಮ್ಮ ಬೀದಿ ಬಹಳ ಕಾಲ ನೆನಪಿಟ್ಟುಕೊಳ್ಳುತ್ತದೆ. ಹೀಗಾಗಿ ಕೊಡಗಳ ಸಾಲು ಕಂಡರೆ 'ಇದೇನು, ಯಾರು ಇಟ್ಟರು' ಎಂದು ಕೇಳುವ ವ್ಯವಧಾನ ನಮಗಿಲ್ಲ, ಏಕೆಂದರೆ ಕೇಳುತ್ತ ನಿಂತವಳ ಮುಂದೆ ಅಷ್ಟರಲ್ಲಿ ಇನ್ನೆರಡು ಕೊಡ ಬಂದಿರುತ್ತವೆ. ಮೊದಲು ಇಡುವುದು, ವಿಚಾರಣೆ ಏನಿದ್ದರೂ ಆಮೇಲೆ.

ಉದ್ಘಾಟನೆಯ ದಿನ ಬೆಳಿಗ್ಗೆ ಅಂಗಡಿಗೆ ಹೋಗುವಾಗ ಗೋದಾಮಿನ ಮುಂದೆ ಸಾಲು ಕಂಡಿತು, ಬಾಗಿಲಲ್ಲಿ ಇಣುಕಿದರೆ ನಲ್ಲಿಯೂ ಕಂಡಿತು. ಯಾರೋ ಪುಣ್ಯಾತ್ಮರು ನಮಗಾಗಿ ಬೋರ್‌ವೆಲ್ ಕೊರೆಸಿದ್ದಾರೆಂದು ಮನೆಗೆ ಓಡಿದೆ. ಪ್ಲಾಸ್ಟಿಕ್ ಕೊಡದ ತಳ ಸೀಳಿತ್ತು, ಅವಸರದಲ್ಲಿ ಕೈಗೆ ಸಿಕ್ಕಿದ್ದು ಅಟ್ಟದ ಮೇಲಿದ್ದ ಅತ್ತೆಯ ತಾಮ್ರದ ಕೊಡ. ಅದನ್ನೇ ತಂದು ಸಾಲಿನ ತುದಿಗಿಟ್ಟು ಮೆಣಸಿನಕಾಯಿ ಸೀಳಲು ಹೋದೆ. ನನ್ನನ್ನು ನೋಡಿ ನೆರೆಮನೆಯ ಶಾಂತಕ್ಕ ಇಟ್ಟಳು, ಶಾಂತಕ್ಕನನ್ನು ನೋಡಿ ಇಡೀ ಬೀದಿಯೇ ಇಟ್ಟಿತು. ಮಧ್ಯಾಹ್ನದ ಹೊತ್ತಿಗೆ ತಮ್ಮ ಕೃತಿ ಗೋದಾಮು ದಾಟಿ, ಸೈಕಲ್ ಶಾಪ್ ದಾಟಿ, ಶಿವಮೊಗ್ಗದ ಬಸ್ಸು ತಿರುಗುವ ಮೂಲೆಯವರೆಗೆ ಬೆಳೆದಿತ್ತು. ಕಲೆ ಇಷ್ಟು ಬೇಗ ಬೆಳೆಯುವುದನ್ನು ತಾವು ದೊಡ್ಡ ಊರುಗಳಲ್ಲೂ ಕಂಡಿರಲಿಕ್ಕಿಲ್ಲ.

ಸಂಜೆ ಬಂದು ನೋಡಿದರೆ ರಿಬ್ಬನ್ ಕತ್ತರಿಸಿಯಾಗಿತ್ತು, ನಮ್ಮ ಕೊಡಗಳನ್ನೆಲ್ಲ ಒಳಗೆ ಸೇರಿಸಿ ಸುತ್ತ ಹಗ್ಗ ಕಟ್ಟಿಯಾಗಿತ್ತು, ಹಗ್ಗದ ಪಕ್ಕದಲ್ಲಿ ಶಾಂತಕ್ಕನ ಗಂಡ ದುರುಗಣ್ಣ ಸಮವಸ್ತ್ರ ತೊಟ್ಟು ಕಾವಲು ನಿಂತಿದ್ದ. ನಾನು ಕೊಡ ತೆಗೆಯಲು ಬಗ್ಗಿದೆ. "ಮುಟ್ಬ್ಯಾಡ್ರಿ ಅನುಸೂಯಕ್ಕ, ಅದು ಈಗ ಕಲೆ ಆಗೈತೆ" ಎಂದ. ಅವನ ಮನೆಯ ಹಸಿರು ಕೊಡವೂ ಅದರ ಪಕ್ಕದಲ್ಲೇ ಇತ್ತು. ತನ್ನ ಮನೆಯ ಕೊಡವನ್ನು ತನ್ನ ಹೆಂಡತಿಯಿಂದಲೇ ಕಾಯುವ ಕೆಲಸಕ್ಕೆ ಒಬ್ಬ ಗಂಡಸನ್ನು ಒಪ್ಪಿಸಿದ ತಮ್ಮ ಜಾಣ್ಮೆಯನ್ನು ಅಂದಿನಿಂದ ಮೆಚ್ಚುತ್ತಲೇ ಇದ್ದೇನೆ. ಪಾಪ, ಅವನಿಗೆ ಮನೆಯಲ್ಲಿ ಈಗ ಕುಡಿಯಲು ನೀರು ಕೇಳುವ ಧೈರ್ಯವಿಲ್ಲ.

ಆಗ ತಾವು ಬಂದಿರಿ. ನನ್ನ ಕೈಹಿಡಿದು, ಇದು ಸಮುದಾಯದ ಸಹಜ ಸ್ಪಂದನೆ, ಇಂಥದ್ದು ತಮ್ಮ ಕಲಾಜೀವನದಲ್ಲೇ ನಡೆದಿರಲಿಲ್ಲ ಎಂದಿರಿ. ತಮ್ಮ ಕಣ್ಣಲ್ಲಿ ನೀರು ಬಂದಿತ್ತು, ಆ ದಿನ ಗೋದಾಮಿನಲ್ಲಿ ಬಂದ ನೀರು ಅಷ್ಟೇ. ವೀಕ್ಷಕರು ತಮ್ಮ ಕೊಡಗಳನ್ನಿಟ್ಟು ಕೃತಿಯಲ್ಲಿ ಪಾಲ್ಗೊಳ್ಳಬಹುದೆಂದು ಬಾಗಿಲ ಬಳಿ ಮೊದಲೇ ಬರೆದು ಹಾಕಿತ್ತಂತೆ. ನಲ್ಲಿ ನೋಡುವ ಭರದಲ್ಲಿ ನಾವು ಯಾರೂ ಫಲಕ ನೋಡಿರಲಿಲ್ಲ. ಪ್ಲಾಸ್ಟಿಕ್ ಕೊಡದವರು ಗೊಣಗಿಕೊಂಡು ಮನೆಗೆ ಹೋದರು, ನಾನು ಹೋಗಲಾರದೆ ನಿಂತೆ.

ತಮಗೆ ನಮ್ಮ ತಾಮ್ರದ ಕೊಡ ವಿಶೇಷವಾಗಿ ಹಿಡಿಸಿತು. ಅದಕ್ಕೆಂದೇ ಒಂದು ದೀಪ ಹಾಕಿಸಿದಿರಿ. ಅದರ ಭುಜದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆಸಿದ 'ಮಹಾದೇವಮ್ಮ' ಎಂಬ ಹೆಸರನ್ನು ಕಂಡು, 'ಕಾಲದಲ್ಲಿ ಕಣ್ಮರೆಯಾದ ಅನಾಮಿಕ ಹೆಣ್ಣುಗಳ ಮೌನದ ಗುರುತು' ಎಂದು ಚಂದದ ಅಕ್ಷರದಲ್ಲಿ ಅಚ್ಚು ಹಾಕಿಸಿ ಪಕ್ಕದಲ್ಲಿ ಇರಿಸಿದಿರಿ. ಮಾನ್ಯರೇ, ಮಹಾದೇವಮ್ಮನವರು ಕಣ್ಮರೆಯಾಗಿಲ್ಲ. ಗೋದಾಮಿನ ಬಾಗಿಲಲ್ಲಿ ನಿಂತು ಕೂಗಿದರೆ ಓಗೊಡುವಷ್ಟು ಹತ್ತಿರದ ಮನೆಯಲ್ಲಿ ರಾಗಿಮುದ್ದೆ ಉಂಡು ಗಟ್ಟಿಮುಟ್ಟಾಗಿದ್ದಾರೆ, ಮತ್ತು ಅವರ ಮೌನದ ವಿಚಾರವಾಗಿ ನಮ್ಮ ಬೀದಿಯಲ್ಲಿ ಯಾರನ್ನು ಬೇಕಾದರೂ ಕೇಳಿ ನೋಡಬಹುದು.

ಅವರೇ ನಮ್ಮ ಅತ್ತೆ. ಕೊಡದ ತಳಕ್ಕೆ ಬೆಸುಗೆ ಹಾಕಿಸಲು ಚಿತ್ರದುರ್ಗಕ್ಕೆ ಕಳಿಸಿದ್ದೇನೆಂದು ಅವರಿಗೆ ಸುಳ್ಳು ಹೇಳಿದ್ದೆ. ಕೆಲವು ದಿನ ನಡೆಯಿತು. ಆದರೆ ತಮ್ಮ ಕೃತಿಗೆ ಪತ್ರಿಕೆಯಲ್ಲಿ ದೊಡ್ಡ ಫೋಟೋ ಬಂತು, ಆ ಪತ್ರಿಕೆ ಮರುವಾರ ರದ್ದಿಯಾಗಿ ನಮ್ಮ ಅಂಗಡಿಗೇ ಬಂತು, ಅದರಲ್ಲೇ ನಾನು ನನ್ನ ಕೈಯಾರೆ ಮಂಡಕ್ಕಿ ಕಟ್ಟಿ ಅತ್ತೆಗೆ ತಂದುಕೊಟ್ಟೆ. ಮಂಡಕ್ಕಿ ಮುಗಿಯುತ್ತ ಬಂದಂತೆ ಕೊಡ ಕಾಣುತ್ತ ಬಂತು.

ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅದು ನನಗೆ ಅಭ್ಯಾಸವಿದೆ. ಬೈಯಲಿಲ್ಲ. ಖಾಲಿ ಕಾಗದವನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಹೋದರು, ರಾತ್ರಿ ಊಟಕ್ಕೆ ಏಳಲಿಲ್ಲ. ಜವನಗೊಂಡನಹಳ್ಳಿಯ ತವರಿನಿಂದ ಅವರು ಮದುವೆಯಾಗಿ ಬಂದಾಗ ಅವರ ತಾಯಿ ಕೊಟ್ಟ ಕೊಡ ಅದು, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದರಂತೆ. ತವರಿನದೆಂದು ಈಗ ಉಳಿದಿರುವುದು ಅದೊಂದೇ. ವರ್ಷಕ್ಕೊಮ್ಮೆ ಗೌರಿ ಹಬ್ಬಕ್ಕೆ ಇಳಿಸಿ, ಹುಣಸೆಹಣ್ಣು ಹಾಕಿ ತಿಕ್ಕಿ, ಹೆಸರಿನ ಮೇಲೆ ಒಮ್ಮೆ ಬೆರಳಾಡಿಸಿ ಮತ್ತೆ ಅಟ್ಟಕ್ಕೆ ಸೇರಿಸುತ್ತಾರೆ. ಅದನ್ನು ಕೇಳದೆ ಎತ್ತಿಕೊಂಡು ಹೋದವಳು ನಾನು. ಆ ರಾತ್ರಿ ಅವರ ತಟ್ಟೆ ಮುಚ್ಚಿಟ್ಟಾಗ ಆದ ಸಂಕಟ ನನಗೆ ಇನ್ನೂ ಇಳಿದಿಲ್ಲ.

ಮಾರನೇ ದಿನ ಅವರೇ ಎದ್ದು ತಮ್ಮ ಪ್ರದರ್ಶನಕ್ಕೆ ಬಂದರು, ನಾನು ಹಿಂದೆ. ಸೀರೆಗಳ ನಡುವೆ ಸರಾಗವಾಗಿ ನಡೆದು, ಸಿಪ್ಪೆಯ ರಾಶಿಯನ್ನು ನೋಡದವರಂತೆ ದಾಟಿ, ಕೊಡದ ಮುಂದೆ ನಿಂತರು. ಅಚ್ಚು ಹಾಕಿದ್ದನ್ನು ನನ್ನಿಂದ ಓದಿಸಿಕೊಂಡರು. "ನಾನು ಸತ್ತೋಗೀನಿ ಅಂತ ಬರ್ದಾರೇನೆ ಇಲ್ಲಿ?" ಎಂದಷ್ಟೇ ಕೇಳಿದರು. ಆಮೇಲೆ ಹಗ್ಗದಾಚೆ ಬಗ್ಗಿ ಕೊಡದೊಳಗೆ ಕೈಯಾಡಿಸಿ, ತಾಯಿ ಕೊಟ್ಟ ಕೊಡವನ್ನು ಊರಿನವರ ಎದುರು ಬರಿದಾಗಿ ಇಟ್ಟಿದ್ದಾರಲ್ಲ ಎಂದು ಮನೆಯಿಂದ ತಂದಿದ್ದ ಬಾಟಲಿಯ ನೀರನ್ನೆಲ್ಲ ಅದಕ್ಕೆ ಸುರಿದರು. ದುರುಗಣ್ಣ ಪೀಪಿ ಊದಿದ. ತಾವು ಓಡಿಬಂದು, ನೀರು ಬಿದ್ದರೆ ಕೃತಿಯ ಅರ್ಥವೇ ಕೆಟ್ಟುಹೋಗುತ್ತದೆ ಎಂದು ಕೈಮುಗಿದಿರಿ.

"ಅರ್ಥ ನೆಂದ್ರೆ ಒಣಗ್ತೈತೆ ಬಿಡಮ್ಮ" ಎಂದರು ಅತ್ತೆ.

ತಾವು ನಕ್ಕಿರಿ, ಅದಕ್ಕಾಗಿ ನನಗೆ ತಮ್ಮ ಮೇಲೆ ವಿಶ್ವಾಸ ಉಳಿದಿದೆ. ಆದರೂ ಕೊಡವನ್ನು ಬಗ್ಗಿಸಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಅಲ್ಲೇ ಇರಿಸಿದಿರಿ. ಮುಂದಿನ ಪ್ರದರ್ಶನ ದೆಹಲಿಯಲ್ಲಿ, ಫೋಟೋಗಳು ಆಗಲೇ ಅಲ್ಲಿಗೆ ಹೋಗಿವೆ, ಭಾನುವಾರ ವ್ಯಾನು ಹೊರಡುತ್ತದೆ, ಆ ಒಂದು ಕೊಡ ಇಲ್ಲದಿದ್ದರೆ ಕೃತಿ ಅಪೂರ್ಣವಾಗುತ್ತದೆ ಎಂದಿರಿ. ಬದಲಿಗೆ ಹೊಸ ಸ್ಟೀಲ್ ಕೊಡವನ್ನೂ, ಅತ್ತೆಗೆ 'ಸಹ ಕಲಾವಿದೆ' ಎಂಬ ಪ್ರಮಾಣಪತ್ರವನ್ನೂ ಕೊಡುವುದಾಗಿ ಹೇಳಿದಿರಿ. ಪ್ರಮಾಣಪತ್ರದಲ್ಲಿ ಎಷ್ಟು ನೀರು ಹಿಡಿಯುತ್ತದೆ ಎಂದು ಅತ್ತೆ ನನ್ನನ್ನು ಕೇಳಿದರು.

ಮಾನ್ಯರೇ, ಕೃತಿ ಅಪೂರ್ಣವಾಗುವುದು ನಮಗೂ ಬೇಡ. ಹಾಗಾಗಿ ಕೊಡದ ಜೊತೆಗೆ ಮಹಾದೇವಮ್ಮನವರನ್ನೂ ಪ್ರತಿಷ್ಠಾಪಿಸಿ ದೆಹಲಿಗೆ ಕರೆದೊಯ್ಯಬೇಕೆಂದು ಮೊದಲ ಪ್ರಾರ್ಥನೆ. ಮಧ್ಯಾಹ್ನ ಬಿಸಿ ಮುದ್ದೆ, ಜೊತೆಗೆ ಹುರುಳಿಕಾಳಿನ ಸಾರು, ಸಂಜೆ ಧಾರಾವಾಹಿ, ಮಂಡಿಗೆ ಎಣ್ಣೆ, ಬಂದುಹೋಗುವವರ ಮನೆತನ ವಿಚಾರಿಸುವ ಸ್ವಾತಂತ್ರ್ಯ, ಇಷ್ಟಿದ್ದರೆ ಅವರು ಹಗ್ಗದ ಒಳಗೆ ಎಷ್ಟು ದಿನ ಬೇಕಾದರೂ ಕೂರುತ್ತಾರೆ. ಅದು ಕಷ್ಟವೆಂದರೆ ನಮ್ಮ ನೀರಿನ ಘಟಕವನ್ನೂ ಒಂದು ಕೃತಿಯೆಂದು ಘೋಷಿಸಿಬಿಡಿ, ರಿಬ್ಬನ್ ಇದೆಯೆಂದರೆ ಕತ್ತರಿಸುವವರು ಬಂದೇ ಬರುತ್ತಾರೆ, ಬಂದವರ ಮುಂದೆ ಆ ಬೀಗವಾದರೂ ತೆಗೆಯಬೇಕಾಗುತ್ತದೆ. ಹಿರಿಯೂರಿನಲ್ಲಿರುವ ನನ್ನ ತಂಗಿ ಚೌಡೇಶ್ವರಿ ತನ್ನ ಬೀದಿಯ ಚರಂಡಿಯ ಪರವಾಗಿಯೂ ಇದೇ ಕೃಪೆ ಬೇಡುತ್ತಿದ್ದಾಳೆ. ಸುತ್ತ ಹಗ್ಗ ಕಟ್ಟಿ, 'ಮುಟ್ಟಬಾರದು, ಇದು ಕಲೆ' ಎಂದು ಯಾರಾದರೂ ನಿಂತರೆ ಕಸ ಹಾಕುವವರು ಹೆದರಿಯಾರು ಎಂದು ಅವಳ ಲೆಕ್ಕ.

ಇವು ಯಾವುವೂ ಆಗದಿದ್ದರೆ ತಾವು ಚಿಂತಿಸಬೇಕಾಗಿಲ್ಲ, ನಾವೇ ಒಂದು ವ್ಯವಸ್ಥೆ ಮಾಡಿದ್ದೇವೆ. ನಾಗರಾಜನಿಗೆ ಮಿರ್ಚಿ ತಿನ್ನಿಸಿ ಒಪ್ಪಿಸಿಯಾಗಿದೆ. ಶನಿವಾರ ಬೆಳಿಗ್ಗೆ ಟ್ಯಾಂಕರು ನಮ್ಮ ಬೀದಿಗೆ ಬರುವ ಬದಲು ತಮ್ಮ ಗೋದಾಮಿನ ಬಾಗಿಲಿಗೆ ಬಂದು ನಿಲ್ಲುತ್ತದೆ. ಕೊಡ ಇಟ್ಟು ಪಾಲ್ಗೊಳ್ಳಬಹುದೆಂದು ತಾವೇ ಬರೆದಿದ್ದೀರಿ, ಇಟ್ಟ ಕೊಡಕ್ಕೆ ನೀರು ಹಿಡಿಯಬಾರದೆಂದು ಎಲ್ಲೂ ಬರೆದಿಲ್ಲ, ನಾನು ಎರಡು ಸಲ ಓದಿದ್ದೇನೆ. ಸಾಲಿನ ಪ್ರಕಾರ ಒಂದೊಂದೇ ಕೊಡ ತುಂಬುತ್ತದೆ, ತಮ್ಮವೂ ತುಂಬುತ್ತವೆ, ನಾವು ಭೇದ ಮಾಡುವವರಲ್ಲ. ತುಂಬಿದ ಕೊಡವನ್ನು ಸಾಲಿನಲ್ಲೇ ಬಿಟ್ಟು ಹೋದ ಹೆಂಗಸು ನಮ್ಮ ಬೀದಿಯಲ್ಲಿ ಈವರೆಗೆ ಹುಟ್ಟಿಲ್ಲ. ಅವರವರ ಕೊಡ ಅವರವರು ಎತ್ತಿಕೊಳ್ಳುತ್ತೇವೆ, ದುರುಗಣ್ಣ ಅಂದು ರಜೆ ಹಾಕಬೇಕೆಂದು ಶಾಂತಕ್ಕ ಅವನಿಗೆ ತಿಳಿಸಿದ್ದಾಳೆ. ತಾಮ್ರದ ಕೊಡವನ್ನು ಮಾತ್ರ ನಾನು ಮುಟ್ಟುವುದಿಲ್ಲ. ಅದನ್ನು ಸೊಂಟದ ಮೇಲಿಟ್ಟುಕೊಂಡು ನಡೆಯುವವರು ಮಹಾದೇವಮ್ಮನವರೇ. ತಾವು ಬಾಗಿಲಲ್ಲಿ ನಿಂತು ನೋಡಬೇಕೆಂದು ಅವರ ಅಪೇಕ್ಷೆ, ತುಂಬಿದ ಕೊಡ ಎದುರಿಗೆ ಬಂದರೆ ಹೊರಟ ಕೆಲಸ ಒಳ್ಳೆಯದಾಗುತ್ತದೆ, ಆ ಹುಡುಗಿ ದೂರ ಹೊರಟಿದ್ದಾಳೆ ಎಂದರು.

ಇಂತು, ಕೊಡ ಮನೆ ಸೇರುವವರೆಗೂ, ಸೇರಿದ ಮೇಲೆ ಇನ್ನೂ ಹೆಚ್ಚಾಗಿ,

ತಮ್ಮ ವಿಶ್ವಾಸಿ,
ಅನುಸೂಯ
ಮಿರ್ಚಿ-ಮಂಡಕ್ಕಿ ಅಂಗಡಿ, ಹೊಳಲ್ಕೆರೆ.

ವಿ. ಸೂ.: ನಮ್ಮ ಕೊಡ ಎತ್ತಿದ ಜಾಗದಲ್ಲಿ ಒಂದು ಕಲ್ಲು ಇಟ್ಟು ಬರುತ್ತೇನೆ. ದಯವಿಟ್ಟು ಅದಕ್ಕೆ ದೀಪ ಹಾಕಿಸಬೇಡಿ, ಅದು ಕಲೆಯಲ್ಲ, ನನ್ನ ಪಾಳಿ. ತಪ್ಪಿ ವ್ಯಾನಿನಲ್ಲಿ ಹೋದರೂ ಬೇಸರವಿಲ್ಲ, ದೆಹಲಿಯಲ್ಲೂ ಅದೇ ಸಾಲಿನಲ್ಲಿ, ಅದೇ ಜಾಗದಲ್ಲಿ ಇಡಿಸಿ, ಯಾರೂ ಸರಿಸದಂತೆ ನೋಡಿಕೊಳ್ಳಿ. ಅಲ್ಲಿಯ ದೊಡ್ಡವರು ಯಾರಾದರೂ ನೋಡಿ ಆ ನಲ್ಲಿಗೆ ಪೈಪ್ ಹಾಕಿಸಿದರೆ ಒಂದು ಫೋನ್ ಮಾಡಿ, ಅತ್ತೆಯನ್ನು ಕೇಳಿಯೇ ಕೊಡ ತರುತ್ತೇನೆ.