ಜೋಳದ ಹೊಲದಲ್ಲಿ ಜಾಝ್ ಕಛೇರಿ

ಮಹಮ್ಮದ್ ಇಸ್ಮಾಯಿಲರಿಗೆ ಬದುಕಿನಲ್ಲಿ ಇದ್ದ ಕೊರಗು ಒಂದೇ: ಗುಂಡ್ಲುಪೇಟೆಯಲ್ಲಿ ಜಾಝ್ ಕೇಳುವ ಕಿವಿಗಳಿಲ್ಲ. ಕಿವಿಗಳೇನೋ ಬೇಕಾದಷ್ಟಿದ್ದವು, ಆದರೆ ಅವೆಲ್ಲ ಈರುಳ್ಳಿ ಲಾರಿಗಳ ಹಾರ್ನ್ ಕೇಳಿ ಕೇಳಿಯೇ ಸವೆದುಹೋಗಿದ್ದವು.

ಹೆದ್ದಾರಿಯ ಬದಿಯಲ್ಲಿ ಅವರದೊಂದು ಟಾರ್ಪಾಲಿನ ಅಂಗಡಿ. ಅದರ ಹಿಂದೆ ಮನೆ, ಮೇಲೊಂದು ಮಹಡಿಯ ಕೋಣೆ. ಆ ಕೋಣೆಯೇ ಅವರ ಸಾಮ್ರಾಜ್ಯ. ಹಿಂದೊಮ್ಮೆ ಊಟಿಯ ಕಡೆ ಟೀ ಎಸ್ಟೇಟಿನ ಬಂಗಲೆಯೊಂದು ಖಾಲಿಯಾದಾಗ ಅವರ ತಂದೆ ಮಂಚ ಕೊಳ್ಳಲು ಹೋಗಿ, ಮಂಚವನ್ನು ಬೇರೆಯವರಿಗೆ ಬಿಟ್ಟುಕೊಟ್ಟು, ಎರಡು ಟ್ರಂಕು ಜಾಝ್ ರೆಕಾರ್ಡುಗಳನ್ನು ಹೊತ್ತು ತಂದಿದ್ದರು. (ತಾಯಿಯವರು ಆಮೇಲೆ ಎಷ್ಟೋ ವರ್ಷ ಚಾಪೆಯ ಮೇಲೆ ಮಲಗಿದರು. ಈ ಮನೆತನದ ಸಂಗೀತ ಚರಿತ್ರೆಯಲ್ಲಿ ಆ ಅಧ್ಯಾಯವಿಲ್ಲ.) ಮಗ ಮೈಸೂರಿನ ಹಳೆಯ ಸಾಮಾನಿನ ಅಂಗಡಿಗಳನ್ನೆಲ್ಲ ಜಾಲಾಡಿ, ಎರಡು ಟ್ರಂಕನ್ನು ನಾಲ್ಕು ಬೀರು ಮಾಡಿದ್ದರು.

ಆದರೂ ರೆಕಾರ್ಡು ಉಪ್ಪಿನಕಾಯಿ ಇದ್ದಂತೆ, ಎದುರಿಗೆ ನುಡಿಸುವ ಜಾಝ್ ಆಗತಾನೇ ಕಿತ್ತ ಮಾವಿನಕಾಯಿಯಂತೆ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಪ್ರತಿ ಭಾನುವಾರ ಮಹಡಿಯಲ್ಲಿ ಕಛೇರಿ. ಹರೆಯದಲ್ಲಿ ಮದುವೆಯ ಬ್ಯಾಂಡಿನಲ್ಲಿ ಕಲಿತ ಕ್ಲಾರಿಯೋನೆಟ್ ಅವರದು. ಮದುವೆಗಳಿಗೆ ಡಿಜೆ ಬಂದ ಮೇಲೆ ಕೆಲಸ ಕಳೆದುಕೊಂಡ ಚೆಲುವಯ್ಯ, ಟ್ರಂಪೆಟನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಚಾಮರಾಜನಗರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಡ್ರಮ್ಮು ಭಾವಮೈದುನ ಅಮ್ಜದನದು. ಶ್ರೋತೃವರ್ಗ ಎಂದರೆ ಕೆಳಗೆ ಅಡುಗೆಮನೆಯಲ್ಲಿದ್ದ ಹೆಂಡತಿ ಕುಲ್ಸುಂ ಬಿ ಒಬ್ಬರೇ, ಅದೂ ಒತ್ತಾಯಕ್ಕೆ.

ಒಂದು ಭಾನುವಾರ ಆಕೆ ಮೆಟ್ಟಿಲು ಹತ್ತಿ ಬಂದರು.

"ಅಜೀ, ಈ ಜಾಝ್ ಎಂದರೇನು? ಒಂದು ಸಲ ನನಗೆ ಅರ್ಥವಾಗುವ ಹಾಗೆ ಹೇಳಿಬಿಡಿ."

"ಒಂದು ಧಾಟಿ ಹಿಡಿದು ಎಲ್ಲರೂ ಒಟ್ಟಿಗೆ ಹೊರಡುವುದು. ಆಮೇಲೆ ಒಬ್ಬೊಬ್ಬರೂ ತೋಚಿದ ಕಡೆ ಹೋಗುವುದು. ಕೊನೆಗೆ ಎಲ್ಲರೂ ಹೊರಟ ಜಾಗಕ್ಕೇ ಬಂದು ಸೇರುವುದು."

"ಮೊನ್ನೆ ಕೊತ್ತಂಬರಿ ಸೊಪ್ಪಿಗೆ ಕಳಿಸಿದಾಗಲೂ ಹೀಗೇ ಮಾಡಿದಿರಿ. ತೋಚಿದ ಕಡೆ ಹೋಗಿ ಹೊರಟ ಜಾಗಕ್ಕೇ ಬಂದಿರಿ. ಸೊಪ್ಪು ಮಾತ್ರ ಬರಲಿಲ್ಲ."

(ಈ ದಂಪತಿಗಳು ಜಗಳವಾಡುವುದು ಉರ್ದುವಿನಲ್ಲಿ. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಉದುರಿಹೋಗಿದ್ದರೆ ಓದುಗರು ಕ್ಷಮಿಸಬೇಕು.)

ಮೊಹಲ್ಲಾದ ಹುಡುಗಿಯರಿಗೆ ಕಸೂತಿ ಹೇಳಿಕೊಡಲು ಆಕೆಗೆ ಆ ಕೋಣೆ ಬೇಕಾಗಿತ್ತು. ಆದ್ದರಿಂದ ಫರ್ಮಾನು ಹೊರಟಿತು: "ಬಕ್ರೀದಿನೊಳಗೆ ಈ ಮನೆಯವರಲ್ಲದ ಒಬ್ಬ ಮನುಷ್ಯ ತಾನಾಗಿ ಬಂದು 'ನಮ್ಮಲ್ಲಿ ನುಡಿಸಿ' ಎಂದು ಕರೆಯಲಿ, ಕೋಣೆ ನಿಮ್ಮದು. ಇಲ್ಲವೋ, ನಿಮ್ಮ ರೆಕಾರ್ಡುಗಳು ಮೆಟ್ಟಿಲ ಕೆಳಗೆ, ಇಲಿಗಳ ಜೊತೆ. ಚೆಲುವಯ್ಯನವರು ಚಾಮರಾಜನಗರದಲ್ಲಿ."

"ಆಪಾ, ನಾನು?" ಎಂದ ತಮ್ಮ ಅಮ್ಜದ್.

"ನೀನು ನಿನ್ನ ಹೆಂಡತಿಯ ಕೈಯಲ್ಲಿ."

ಇಸ್ಮಾಯಿಲರು ಊರೆಲ್ಲ ಅಲೆದರು. ಕಲ್ಯಾಣಮಂಟಪದ ಮಾಲೀಕರು ಪೂರ್ತಿ ಕೇಳಿಸಿಕೊಂಡು, "ಊಟ ಆದ ಮೇಲೂ ಜನ ಎದ್ದು ಹೋಗದಿದ್ದರೆ ಹೇಳಿಕಳಿಸುತ್ತೇನೆ" ಎಂದರು.

ಹೀಗಿರುವಾಗ ಕೇರಳದ ರಸ್ತೆಯಲ್ಲಿರುವ ಮದ್ದೂರೆಂಬ ಹಳ್ಳಿಯ ರೈತ ನಂಜಯ್ಯ ಟಾರ್ಪಾಲು ಕೊಳ್ಳಲು ಬಂದ. ಮಹಡಿಯಲ್ಲಿ ರೆಕಾರ್ಡು ಓಡುತ್ತಿತ್ತು. ಅವನು ಚೌಕಾಸಿಯನ್ನು ಅರ್ಧಕ್ಕೇ ಬಿಟ್ಟು ಕತ್ತೆತ್ತಿ ನಿಂತ. ಇಸ್ಮಾಯಿಲರು ಟಾರ್ಪಾಲನ್ನು ಕೆಳಗಿಟ್ಟರು.

"ಇದ್ಯಾವ ಆಡು ಸಾಬ್ರೆ?"

"ಜಾಝ್, ನಂಜಯ್ಯ! ಹೇಗಿದೆ?"

"ಎಂಗದೆ ಅಂದ್ರೆ, ಇದ ಕೇಳ್ತಾ ಇದ್ರೆ ಒಂದ್ಕಡೆ ನಿಂತ್ಕಳಕ್ಕೇ ಆಗಕಿಲ್ಲ. ನಮ್ ಜೋಳುಕ್ಕೆ ಕಾಡಂದಿ ಬತ್ತಾವೆ ಕಣ್ ಸಾಬ್ರೆ. ಸಿನಿಮಾ ಆಡೆಲ್ಲ ಆಕ್ದೆ, ಅವ್ಕೆ ಬಾಯ್ಪಾಠ ಆಗೋಯ್ತು. ಇದ ನನ್ ಫೋನಿಗೆ ಆಕ್ಕೊಡಿ."

ಮೆಟ್ಟಿಲಿನಿಂದ ಕುಲ್ಸುಂ ಬಿ ಇಣುಕಿದರು. "ಮುಬಾರಕ್! ಕೊನೆಗೂ ಕೇಳುವವರು ಸಿಕ್ಕಿದರು. ಕಾಲು ಮಾತ್ರ ಎರಡು ಹೆಚ್ಚು."

ಅಮ್ಜದ್ ಫೋನಿಗೆ ಹಾಕಿಕೊಟ್ಟ. ವಾರ ಕಳೆಯುವಷ್ಟರಲ್ಲಿ ನಂಜಯ್ಯ ಜೋಲುಮೋರೆ ಹಾಕಿಕೊಂಡು ಮತ್ತೆ ಬಂದ.

"ಮೊದ್ಲು ಓಡೋದ್ವು ಸಾಬ್ರೆ. ಈಗ ಕಲ್ತ್ಬುಟ್ಟವೆ. ಪೀಪಿ ಎಲ್ಲಿ ಏರ್ತದೆ, ಎಲ್ಲಿ ಇಳೀತದೆ, ಎಲ್ಲಾ ಗೊತ್ತು. ತಲೆ ಆಡುಸ್ಕಂಡು ತಿಂತಾವೆ. ಇಂಗೇ ಆದ್ರೆ ಬೆಳೆ ಪೂರ್ತಿ ಓಯ್ತದೆ. ದಿನಾ ಬ್ಯಾರೆ ತರ ಊದೋದು ಇಲ್ವಾ?"

ಇಸ್ಮಾಯಿಲರು ಎದ್ದು ನಿಂತರು. ಈ ಪ್ರಶ್ನೆಗಾಗಿ ಅವರು ಜೀವಮಾನವಿಡೀ ಕಾದಿದ್ದರು. "ಅದೇ ಅಲ್ಲವೇ ರೆಕಾರ್ಡಿನ ದೋಷ! ಎದುರಿಗೆ ನುಡಿಸುವ ಜಾಝ್ ಎಂದೂ ಎರಡು ಸಲ ಒಂದೇ ಥರ ಇರುವುದಿಲ್ಲ!"

"ಅಂಗಾರೆ ನೀವೇ ಬಂದು ನುಡ್ಸ್‌ಬುಡಿ ಅತ್ಲಾಗಿ."

"ಇನ್ನೊಂದು ಸಲ ಹೇಳು ನಂಜಯ್ಯ. ಸ್ವಲ್ಪ ಗಟ್ಟಿಯಾಗಿ. ಒಳಗೆ ಕೇಳಿಸಬೇಕು."

ಒಳಗೆ ಕೇಳಿಸಿತು. "ಕರೆದದ್ದು ನಿಜ. ಆದರೆ ಹಂದಿಗಳು ಜೋಳಕ್ಕೆ ಬಾಯಿ ಹಾಕಿದರೆ ಆ ಕರೆ ಲೆಕ್ಕಕ್ಕಿಲ್ಲ. ನಾನೇ ಬಂದು ನೋಡುತ್ತೇನೆ" ಎಂದು ಕುಲ್ಸುಂ ಬಿ ಬುರ್ಖಾ ಹುಡುಕಿದರು.

ಮದ್ದೂರಿನಲ್ಲಿ ಹೊತ್ತು ಮುಳುಗುತ್ತಿತ್ತು. ಹೊಲದ ಬದುವಿನ ಮೇಲೆ ಊರಿನ ಅರ್ಧ ಜನ ಕುಳಿತಿದ್ದರು. ಇಸ್ಮಾಯಿಲರು ತಮ್ಮ ಮದುವೆಯ ಕೋಟನ್ನು ತೊಟ್ಟಿದ್ದರು. ಗುಂಡಿಗಳು ಮಾತ್ರ ಸಹಕರಿಸಲಿಲ್ಲ. ಚೆಲುವಯ್ಯ ಟವೆಲು ಬಿಚ್ಚಿ ಊದಿದ ಮೊದಲ ಸ್ವರಕ್ಕೇ ಮರದ ಮೇಲಿನ ಬೆಳ್ಳಕ್ಕಿಗಳೆಲ್ಲ ಎದ್ದವು. ಡ್ರಮ್ಮು ಶುರುವಾಯಿತು. ಕ್ಲಾರಿಯೋನೆಟ್ ಏರಿತು, ತೂಗಿತು, ಜಾರಿತು, ಮತ್ತೆ ಏರಿತು.

"ತಲೆ ಯಾವ್ದು ಬಾಲ ಯಾವ್ದು ಗೊತ್ತಾಯ್ತಿಲ್ಲ ಕಣ್ಲಾ," ಎಂದಿತು ಒಂದು ದನಿ.

"ಸುಮ್ನಿರ್ಲಾ, ಚೆಂದಾಗದೆ," ಎಂದಿತು ಇನ್ನೊಂದು.

ಅಷ್ಟರಲ್ಲಿ ಲಂಟಾನದ ಪೊದೆಯಿಂದ ಹಂದಿಗಳು ಹೊರಬಂದವು. ಬೇಲಿಯ ಹತ್ತಿರ ಗಕ್ಕನೆ ನಿಂತವು. ಓಡಲೂ ಇಲ್ಲ, ಒಳಗೆ ನುಗ್ಗಲೂ ಇಲ್ಲ. ಕಿವಿ ನಿಮಿರಿಸಿ ಕೇಳತೊಡಗಿದವು! ಇಸ್ಮಾಯಿಲರ ಕಣ್ಣು ತುಂಬಿ ಬಂತು. ಅವರು ರೆಪ್ಪೆ ಮುಚ್ಚಿ, ಮೈಮರೆತು, ಜಾಝ್ ಚಕ್ರವರ್ತಿಯಂತೆ ಹಿಂದೆ ಬಾಗಿ ಊದುತ್ತ, ಹಿಂದೆ ಹಿಂದೆಯೇ ಹೆಜ್ಜೆಯಿಡುತ್ತ ಜೋಳದೊಳಗೆ ಹೊರಟುಹೋದರು. ಲಟಲಟನೆ ದಂಟುಗಳು ಮುರಿದವು.

"ಅಜೀ!" ಕುಲ್ಸುಂ ಬಿ ಬದುವಿನಿಂದ ಎದ್ದರು. "ಹಂದಿಯೇ ಒಳಗೆ ಬರಲಿಲ್ಲ, ನೀವು ಬಂದು ತುಳಿಯುತ್ತಿದ್ದೀರಲ್ಲ! ಕಣ್ಣು ಮುಚ್ಚಿ ಊದಿ ಎಂದು ಯಾರು ಹೇಳಿದರು? ಸ್ಕೂಟರನ್ನೂ ಹೀಗೇ ಓಡಿಸಿದ್ದಲ್ಲವೇ ನೀವು, ಮೀನಿನ ಅಂಗಡಿಯೊಳಕ್ಕೆ?"

ಇಸ್ಮಾಯಿಲರು ಊದುವುದನ್ನು ನಿಲ್ಲಿಸದೆ ಕ್ಲಾರಿಯೋನೆಟಿನಲ್ಲೇ ಸಮಜಾಯಿಷಿ ಕೊಟ್ಟರು. ಆಕೆ ಸ್ವರ ಏರಿಸಿದರು. ಇವರೂ ಏರಿಸಿದರು. ಚೆಲುವಯ್ಯನ ಟ್ರಂಪೆಟ್ ನಡುವೆ ಬಂದು ಇಬ್ಬರಿಗೂ ಸಮಾಧಾನ ಹೇಳಿತು. ಆಕೆ ಅದನ್ನೂ ಬೈದರು. ಅಕ್ಕನ ಬೈಗುಳದ ಲಯವನ್ನು ತೊಟ್ಟಿಲಿನಿಂದಲೇ ಬಲ್ಲ ಅಮ್ಜದ್, ಆಕೆ ಉಸಿರೆಳೆದುಕೊಂಡಲ್ಲೆಲ್ಲ ಸರಿಯಾಗಿ ಒಂದು ಪೆಟ್ಟು ಹಾಕಿದ. ಮೀನಿನ ಅಂಗಡಿಯಿಂದ ಹೊರಟ ಬೈಗುಳ ಅತ್ತೆಯ ಮನೆ, ಗ್ಯಾಸ್ ಸಿಲಿಂಡರು, ನಾದಿನಿಯ ನಿಕಾಹ್ ಎಲ್ಲ ಸುತ್ತಿ, ನಾಲ್ವರೂ ಒಂದೇ ಏಟಿಗೆ ಸೇರುವಂತೆ ಮೀನಿನ ಅಂಗಡಿಗೇ ಬಂದು ನಿಂತಿತು.

ಬೇಲಿಯ ಬಳಿ ದೊಡ್ಡ ಹಂದಿ ಒಮ್ಮೆ ತಲೆ ಕೊಡವಿತು. ಬಾಲ ಎತ್ತಿತು. ಮರುಕ್ಷಣ ಇಡೀ ಹಿಂಡು ಕೇರಳದ ದಿಕ್ಕಿಗೆ ಪರಾರಿ!

ಬದುವಿನ ಮೇಲೆ ಶಿಳ್ಳೆಯೋ ಶಿಳ್ಳೆ. ನಂಜಯ್ಯ ರುಮಾಲು ತೂರಿ ಕೂಗಿದ: "ಸಾಬ್ರೆ, ನೀವ್ ಊದ್ದಾಗ ನಿಂತ್ಕಂಡವು. ಅಕ್ಕೋರ್ ಬಾಯ್ ಬುಟ್ಟಾಗ ಓಡೋದ್ವು! ಅಕ್ಕೋರೆ, ಇನ್ನೊಂದ್ಸಲ ಅದೇ ಬಯ್ರಿ!"

"ಅದೇ ಅಂದರೆ ಹೇಗಪ್ಪ?" ಎಂದರು ಕುಲ್ಸುಂ ಬಿ, ಬುರ್ಖಾ ಸರಿಮಾಡಿಕೊಳ್ಳುತ್ತ. "ನನಗೆ ಎರಡು ಸಲ ಒಂದೇ ಥರ ಬರುವುದಿಲ್ಲ. ಬೇರೆಯದು ಬೈಯುತ್ತೇನೆ."

ಇಸ್ಮಾಯಿಲರು ಜೋಳದ ನಡುವೆ ನಿಂತು ಕ್ಲಾರಿಯೋನೆಟ್ ಇಳಿಸಿದರು. ಮೂವತ್ತು ವರ್ಷ ನಾಲ್ಕು ಬೀರುಗಳಲ್ಲಿ ಹುಡುಕಿದ್ದು ಕೆಳಗಡೆ ಅಡುಗೆಮನೆಯಲ್ಲಿತ್ತು!

ಕೋಣೆ ಉಳಿಯಿತು, ರೆಕಾರ್ಡುಗಳೂ ಉಳಿದವು. ಈಗ ಭಾನುವಾರ ಕಸೂತಿಯ ಹುಡುಗಿಯರು ಅಲ್ಲೇ ಸಾಲಾಗಿ ಕುಳಿತು, ಸೂಜಿ ಓಡಿಸುತ್ತ ಕಛೇರಿ ಕೇಳುತ್ತಾರೆ. ಹಂದಿ ಓಡಿಸಲು ಸುತ್ತಲಿನ ಊರುಗಳಿಂದೆಲ್ಲ ಕರೆ ಬರುವುದರಿಂದ ಚೆಲುವಯ್ಯನವರಿಗೆ ವಾರವಿಡೀ ಬಿಡುವಿಲ್ಲ. ಮೊನ್ನೆ ಕುದೇರಿನಿಂದ ಫೋನು ಬಂತು. ಇಸ್ಮಾಯಿಲರು ಗಂಟಲು ಸರಿಮಾಡಿಕೊಂಡು ಕೈ ಚಾಚುವಷ್ಟರಲ್ಲಿ ಕುಲ್ಸುಂ ಬಿ ಎತ್ತಿಕೊಂಡಿದ್ದರು.

"ಹೂಂ, ಬರುತ್ತೇನೆ... ಟ್ರಂಪೆಟ್ ಇರುತ್ತದೆ, ಡ್ರಮ್ಮೂ ಇರುತ್ತದೆ... ಯಜಮಾನರೇ? ಬರಲಿ ಬಿಡಿ, ಪಾಪ. ನಾನು ನೀರು ಕುಡಿಯುವಾಗ ಯಾರಾದರೂ ಏನಾದರೂ ಊದುತ್ತಿರಬೇಕಲ್ಲ!"