ಪೈಲ್ವಾನ್ ಕಾರಿನ ಫಜೀತಿ

ನಾನು ಕೈ ಹಾಕಿದ ಕೆಲಸ ಪೂರ್ತಿ ಕೆಟ್ಟುಹೋದರೆ ಒಂದು ಸಮಾಧಾನ ಇರುತ್ತಿತ್ತು. ಅದು ಕೆಡದೆ ಬೇರೇನೋ ಆಗಿ ನಿಲ್ಲುತ್ತದೆ. ಕುರ್ಚಿ ಮಾಡಿದರೆ ನೆರೆಮನೆಯವರು ಅದರ ಮೇಲೆ ತುಂಬಿದ ಕೊಡ ಇಟ್ಟು, "ಅಡ್ಡಣಗಿ ಭಾಳ ಛಲೋ ಆಗ್ಯದ್ರಿ" ಅನ್ನುತ್ತಾರೆ. ಇಂಥವು ನನ್ನ ಜೀವನದಲ್ಲಿ ನಡೆಯುತ್ತಲೇ ಬಂದಿವೆ. ಮೈಸೂರು ರಾಜ್ಯ ಅನ್ನುವುದು ಹೋಗಿ ಕರ್ನಾಟಕ ಅಂತ ಹೆಸರು ಬಂದ ಹೊಸದರಲ್ಲಿ ನಾನು ಶಹಾಬಾದಿನ ಕಡೆ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದೆ. ಆಗ ಒಂದು ಸಣ್ಣ ಕಾರು ಮಾಡಲು ಹೋಗಿ ಪಟ್ಟ ಪಾಡು ಹೇಳುತ್ತೇನೆ. ನೀವು ನಗಬಹುದು. ನನಗೆ ಇನ್ನೂ ನಗು ಬಂದಿಲ್ಲ.

ಅರ್ಧ ಕಾರು

ಕಾರ್ಖಾನೆಗೆ ಮಷೀನು ಕೂಡಿಸಲು ಬಂದಿದ್ದ ವಿಲಾಯತಿ ಇಂಜಿನಿಯರು ಊರಿಗೆ ಹೊರಡುವಾಗ ತನ್ನ ಹಳೆಯ ಪತ್ರಿಕೆಗಳನ್ನೆಲ್ಲ ರದ್ದಿಗೆ ಹಾಕಿದ. ರದ್ದಿ ಸ್ಟೇಷನ್ ಮುಂದಿನ ಶೇಂಗಾದವನ ಕೈಗೆ ಬಂತು. ಒಂದು ಸಂಜೆ ಶೇಂಗಾ ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ಒಳಗೆ ಕೆಂಪು ಕಾರು! ಉದ್ದ ಮೂತಿ, ಅಗಲ ಎದೆ, ಮೈಯೆಲ್ಲ ಕಸುವು. ಗರಡಿಮನೆಯಿಂದ ಈಗಷ್ಟೇ ಎಣ್ಣೆ ಹಚ್ಚಿಕೊಂಡು ಹೊರಬಿದ್ದ ಪೈಲ್ವಾನನ ಹಾಗಿತ್ತು. ನಮ್ಮ ಕಡೆ ಓಡಾಡುತ್ತಿದ್ದ ಕಾರುಗಳು ಅದರ ಮುಂದೆ ಮದುವೆ ಊಟ ಮುಗಿಸಿ ಗೋಡೆಗೆ ಒರಗಿದ ಬೀಗರ ಹಾಗೆ. ಇದನ್ನು ಮಾಡಿಯೇ ತೀರಬೇಕು, ಒಂದೂವರೆ ಗೇಣಿನಷ್ಟಾದರೂ ಮಾಡಬೇಕು ಅಂತ ಅಲ್ಲೇ ನಿಂತು ನಿರ್ಧಾರ ಮಾಡಿದೆ.

ಆದರೆ ಕಾರು ಬಾಗಿಲಿನ ತನಕ ಮಾತ್ರ ಇತ್ತು. ಅಲ್ಲಿಂದ ಮುಂದೆ ಕಾಗದ ಹರಿದಿತ್ತು. ಶೇಂಗಾದವನ ಹತ್ತಿರ ಓಡಿದೆ.

"ಅಣ್ಣಾ, ಇದರ ಹಿಂದಿನರ್ಧ ಎಲ್ಲದ?"

"ಈಗೇ ಭಂಕೂರ ಮುತ್ಯಾಗ ಕಟ್ಟಿ ಕೊಟ್ಟೆನಲ್ರಿ. ನಿಮಗ ಶೇಂಗಾ ಬೇಕಾದ್ರ ಇನ್ನೂ ಅವ."

ಸೈಕಲ್ ಏರಿ ಭಂಕೂರಿಗೆ ಹೋಗಿ ಆ ಮುದುಕನ ಮನೆ ಹುಡುಕಿದೆ. ಮುತ್ಯಾ ಮನೆ ಮುಂದಿನ ಕಟ್ಟೆಯ ಮೇಲೆ ಸಿಪ್ಪೆ ಉದುರಿಸುತ್ತ ಕೂತಿದ್ದ. ಕಾಗದ ಅವನ ಆಡಿನ ಬಾಯಲ್ಲಿತ್ತು. ನಾನು ಎಳೆದೆ, ಆಡೂ ಎಳೆಯಿತು. ನನ್ನ ಪಾಲಿಗೆ ಬಂದ ತುಂಡಿನಲ್ಲಿ ಬರೀ ರಸ್ತೆ ಇತ್ತು.

"ಮುತ್ಯಾ, ಚಿತ್ರ ನೋಡಿದ್ರೇನ್ರಿ? ಕಾರು ಹಿಂದ ಹ್ಯಾಂಗಿತ್ತು?"

ಮುತ್ಯಾ ಕಣ್ಣು ಮುಚ್ಚಿ ಬಹಳ ಹೊತ್ತು ನೆನಪು ಮಾಡಿಕೊಂಡ.

"ಹಿಂದ ಒಂದು ಗಾಲಿ ಇತ್ತು ನೋಡಪಾ," ಅಂದ. "ಇನ್ನೊಂದು ಆ ಕಡಿ ಇರಬೇಕು."

ಡಬ್ಬಿಯಲ್ಲಿ ಗಾಲಿ

ಗಾಲಿಗೆ ಸವೆದ ಬೇರಿಂಗುಗಳೇ ಸರಿ ಅನ್ನಿಸಿತು. ನಮ್ಮ ಫೋರ್‌ಮನ್ನರನ್ನು ಕೇಳಿದೆ. ಒಳ್ಳೆಯ ಮನುಷ್ಯ. ಕೆಲಸಕ್ಕೆ ಬಾರದ ನಾಲ್ಕು ಬೇರಿಂಗ್ ಆರಿಸಿ ಕೊಟ್ಟು, "ಗೇಟಿನವಗ ನನ್ನ ಹೆಸರು ಹೇಳು" ಅಂದರು. ತೊಳೆದು, ಒರೆಸಿ, ಊಟದ ಡಬ್ಬಿಯಲ್ಲಿ ಇಟ್ಟುಕೊಂಡು ಹೊರಟೆ.

ಗೇಟಿನಲ್ಲಿ ಹೊಸ ಕಾವಲುಗಾರ. ಚಿತ್ತಾಪುರದ ಕಡೆಯವನು, ಕೆಲಸಕ್ಕೆ ಸೇರಿ ವಾರವೂ ಆಗಿರಲಿಲ್ಲ. ಡಬ್ಬಿ ಎತ್ತಿ ನೋಡಿದ.

"ಊಟ ಮಾಡಿಲ್ಲೇನ್ರಿ? ಭಾಳ ವಜ್ಜಿ ಅದ."

"ಊಟಲ್ಲೋ ತಮ್ಮಾ. ಕಾರಿನ ಗಾಲಿ ಅವ."

ಇಷ್ಟೇ ನಾನು ಅಂದದ್ದು. ಅವನು ನನ್ನ ಮುಖ ನೋಡಿದ, ಡಬ್ಬಿ ನೋಡಿದ, ಒಳಗೆ ಹೋಗಿ ಫೋನ್ ಎತ್ತಿದ. "ಸಾಹೇಬ್ರ, ಯಾರೋ ಫಿಟ್ಟರ್ ಕಾರಿನ ಗಾಲಿ ಬಿಚ್ಕೊಂಡು ಹೊಂಟಾನ್ರಿ! ನಾಲ್ಕೂ ಬಿಚ್ಚ್ಯಾನ್ರಿ!"

ಕಾರ್ಖಾನೆಯಲ್ಲಿ ಇದ್ದದ್ದು ಒಂದೇ ಕಾರು, ಮ್ಯಾನೇಜರ್ ಸಾಹೇಬರದು. ಅವರು ಚಹಾ ಅರ್ಧಕ್ಕೆ ಬಿಟ್ಟು ಓಡಿದರು. ಕೋಟು ಇಲ್ಲ, ಒಂದು ಕಾಲಲ್ಲಿ ಬೂಟು ಇಲ್ಲ. ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಗಾಲಿ ಮುಟ್ಟಿ ನೋಡಿದರು. ಇದ್ದವು. ಆಮೇಲೆ ಫೋರ್‌ಮನ್ನರು ಬಂದು ಎಲ್ಲ ಬಿಡಿಸಿ ಹೇಳಿದರು, ಸಾಹೇಬರು ನಕ್ಕರು, ನನ್ನ ಬೆನ್ನು ತಟ್ಟಿದರು. ಪ್ರಕರಣ ಮುಗಿಯಿತು ಅಂದುಕೊಂಡೆ. ಆದರೆ ಆವತ್ತಿನಿಂದ ನಾನು ನಮಸ್ಕಾರ ಮಾಡಿದಾಗಲೆಲ್ಲ ಸಾಹೇಬರು ನನಗೆ ನಮಸ್ಕಾರ ಮಾಡುತ್ತಲೇ ಒಮ್ಮೆ ತಿರುಗಿ ತಮ್ಮ ಕಾರಿನ ಕಡೆ ನೋಡುತ್ತಿದ್ದರು.

ಒಣಗಲು ಇಟ್ಟದ್ದು

ಮೈಗೆ ತಗಡು ಬೇಕಾಯಿತು. ನಮ್ಮ ಮನೆಯಲ್ಲಿ ತಗಡು ಅಂದರೆ ಹೆಂಡತಿ ತೊಗರಿಬೇಳೆ ತುಂಬಿಟ್ಟಿದ್ದ ವನಸ್ಪತಿ ಡಬ್ಬಿ. ಕೇಳಿಯೇ ತೆಗೆದುಕೊಂಡೆ.

"ಬ್ಯಾಳಿ ಎಲ್ಲಿ ಹಾಕ್ಲಿ?" ಅಂದಳು.

"ನಿನ್ನ ಬ್ಯಾಳಿಗಿ ಎಲ್ಲಿ ಬೇಕಾದ್ರೂ ಜಾಗ ಸಿಗ್ತದ. ನನ್ನ ಕಾರಿಗಿ ಇದೊಂದೇ ತಗಡು."

ಅವಳು ಬೇಳೆಯನ್ನು ನನ್ನ ತಲೆದಿಂಬಿನ ಚೀಲಕ್ಕೆ ತುಂಬಿದಳು. ತಿಂಗಳುಗಟ್ಟಲೆ ಬೇಳೆಯ ಮೇಲೆ ತಲೆಯಿಟ್ಟು ಮಲಗಿದೆ.

ಕತ್ತರಿಸಿ, ಬಡಿದು, ಬೆಸುಗೆ ಹಾಕಿ ಮೈ ಮಾಡಿದೆ. ಮೂತಿಯ ಮುಚ್ಚಳ ತೆರೆಯುವ ಹಾಗೆ ಒಂದು ಸಣ್ಣ ಕೀಲು ಕೂಡಿಸಿದೆ. ಕಾರಿನ ಚಾವಣಿಗೆ ತಗಡು ಸಾಲಲಿಲ್ಲ. ಒಂದು ಕಟ್ಟಿಗೆ ತುಂಡು ಕೆತ್ತಿ ನಾಲ್ಕು ಮೊಳೆಗಳ ಮೇಲೆ ನಿಲ್ಲಿಸಿದೆ. ಹಿಂಭಾಗ ದೇವರಿಗೆ ಬಿಟ್ಟೆ. ಬಣ್ಣಕ್ಕೆ, ಕಾರಹುಣ್ಣಿಮೆಯಲ್ಲಿ ಎತ್ತಿನ ಕೋಡಿಗೆ ಹಚ್ಚುವ ಕೆಂಪು ಬಣ್ಣ ಸಿಕ್ಕಿತು. ಹಚ್ಚಿದಾಗ ಕಾರು ಎಷ್ಟು ಚಂದ ಕಂಡಿತೆಂದರೆ ಹೆಂಡತಿಯೂ ಒಲೆ ಬಿಟ್ಟು ಬಂದು ನೋಡಿದಳು. ಒಣಗಲಿ ಅಂತ ಕಂಪೌಂಡ್ ಗೋಡೆಯ ಮೇಲಿಟ್ಟು ಕೆಲಸಕ್ಕೆ ಹೋದೆ.

ನಾವಿರುವುದು ಯಾವ ಊರು ಅನ್ನುವುದು ಆಗ ಮರೆತೇಹೋಗಿತ್ತು. ನಮ್ಮಲ್ಲಿ ಗಾಳಿ ಬೀಸಿದರೆ ಬೂದು ಪುಡಿಯೂ ಬೀಸುತ್ತದೆ. ಹಸಿ ಬಣ್ಣದ ಮೇಲೆ ಅದು ಬೆರಳ ದಪ್ಪ ಕೂತಿತು. ಮಧ್ಯಾಹ್ನ ನೋಡಿದ ಹೆಂಡತಿ, ಪಾಪ, ಒಳ್ಳೆಯ ಮನಸ್ಸಿನಿಂದಲೇ ಒಂದು ಚೊಂಬು ನೀರು ಹಾಕಿ ತೊಳೆಯಲು ನೋಡಿದಳು. ಆಮೇಲೆ ಬಿಸಿಲು ಬಿತ್ತು.

ಸಂಜೆ ಬಂದು ಎತ್ತಲು ಹೋದೆ. ಬರಲಿಲ್ಲ. ಗೋಡೆಗೆ ಕಚ್ಚಿಕೊಂಡಿತ್ತು. ಉಳಿ ತಂದು ಕುಟ್ಟುತ್ತಿರುವಾಗ ಪಕ್ಕದ ಮನೆಯ, ಗಾರೆ ಕೆಲಸದ ಗೌಂಡಿ ಇಣುಕಿದ.

"ಯಾಕ ಕೀಳ್ಲಿಕತ್ತೀರಿ? ಮಜಬೂತ್ ಕೂತದ. ನಾ ಕಟ್ಟಿದ್ರೂ ಇಷ್ಟು ಗಟ್ಟಿ ಬರ್ತಿರ್ಲಿಲ್ಲ," ಅಂದ.

ಮಾವನವರ ಗಡಿಯಾರ

ಕೆರೆದೂ ಕೆರೆದೂ ಕೆಂಪೆಲ್ಲ ಹೋಯಿತು. ಸೈಕಲ್ ಅಂಗಡಿಯಲ್ಲಿ ಉಳಿದಿದ್ದ ಕರಿ ಬಣ್ಣ ಹಚ್ಚಿದೆ. ಈಗ ಇಂಜಿನ್ ಒಂದೇ ಬಾಕಿ. ಸೇಡಮ್ಮಿನಲ್ಲಿ ನಮ್ಮ ಮಾವನವರ ಮನೆಯ ಗೋಡೆ ಗಡಿಯಾರ ನಿಂತುಹೋಗಿತ್ತು. ಅದರ ಚಕ್ರ, ಸುರುಳಿ ಎಲ್ಲ ಹಾಕಿದರೆ ಕೀಲಿ ಕೊಟ್ಟು ಓಡಿಸಬಹುದು. ಹೆಂಡತಿಯನ್ನು ಕರೆದುಕೊಂಡು ಸೇಡಮ್ಮಿಗೆ ಹೋದೆ.

ಮಾವನವರು ನಿವೃತ್ತ ಮಾಸ್ತರು, ಮಿತ ಮಾತು. ಗಡಿಯಾರ ಇಳಿಸಿ ಕೊಟ್ಟು, "ನಿಮ್ಮ ಅತ್ತಿಯವರ ಅಪ್ಪ ಕೊಟ್ಟದ್ದು. ಜ್ವಾಕಿ," ಅಂದರು. ಎರಡು ದಿನ ಪಡಸಾಲೆಯಲ್ಲಿ ಕೂತು ಕೂಡಿಸಿದೆ. ಮೂರನೆಯ ದಿನ ಬೀಗರು, ನೆರೆಯವರು ಎಲ್ಲ ಗೋಡೆಗುಂಟ ಕೂತರು. ನಡುವೆ ಕಾರು. ಮಾವನವರು ಮಂಚದ ಮೇಲೆ. ಪೂರ್ತಿ ಕೀಲಿ ಕೊಟ್ಟು, ಮೂತಿ ಬಾಗಿಲ ಕಡೆ ಮಾಡಿ, ಕೈ ಬಿಟ್ಟೆ.

ಕಾರು ಓಡಿತು. ಖರೆ ಹೇಳುತ್ತೇನೆ, ಬಾಣದ ಹಾಗೆ ಓಡಿತು. ಹಿಂದಕ್ಕೆ. ಮಂಚದ ಕೆಳಗೆ ನುಗ್ಗಿ, ಮಾವನವರ ಎಲೆ ಅಡಿಕೆಯ ಪೀಕದಾನಿ ಉರುಳಿಸಿ, ಕೆಂಪಗೆ ಮಿಂದು ನಿಂತಿತು.

ಅತ್ತೆಯವರು ಒರೆಸುವ ಬಟ್ಟೆ ತರಲು ಎದ್ದರು. ಮಾವನವರು ಕನ್ನಡಕ ತೆಗೆದು ಒರೆಸಿಕೊಂಡು ನಿಧಾನಕ್ಕೆ ಅಂದರು:

"ನಮ್ಮ ಗ್ವಾಡಿ ಮ್ಯಾಲ ಇದ್ದಾಗ ಮುಂದ ಹೋಗ್ತಿತ್ತು, ಇಲ್ಲಾ ನಿಂತಿರ್ತಿತ್ತು. ಅಳಿಯಂದ್ರ ಕೈಗಿ ಬಂದ ಮ್ಯಾಲ ಹಿಂದ ಹೋಗೂದು ಕಲ್ತದ."

ರೈಲಿನ ಕೂಸು

ಅವತ್ತೇ ಊರಿಗೆ ಹೊರಟೆವು. ಯಾರ ಕಣ್ಣಿಗೂ ಬೀಳಬಾರದೆಂದು ಕಾರನ್ನು ಹೆಂಡತಿಯ ಹಳೆಯ ಸೀರೆಯಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಗಾಡಿ ಭರ್ತಿ. ಎದುರಿಗೆ ಚಿಂಚೋಳಿ ಕಡೆಯ ಒಬ್ಬ ವಯಸ್ಸಾದ ಆಯಿ. ನನ್ನ ತೊಡೆ ನೋಡಿದವಳೇ ಪಕ್ಕದವರನ್ನು ಗದರಿಸಿದಳು. "ಸರೀರಿ, ಕೂಸು ಮಲಗ್ಯದ!" ನಮಗೆ ಕಿಟಕಿಯ ಜಾಗ ಸಿಕ್ಕಿತು. ಯಾರೋ ಬೀಡಿ ಆರಿಸಿದರು. ನಾನು ಬೇಡ ಅನ್ನಲಿಲ್ಲ. ಆ ಮೂರು ದಿನದಲ್ಲಿ ಮನುಷ್ಯರು ನನಗೆ ತೋರಿದ ಮರ್ಯಾದೆ ಅದೊಂದೇ.

ಚಿತ್ತಾಪುರ ದಾಟುವಾಗ ಗಾಡಿ ಜೋರಾಗಿ ಕುಲುಕಿತು. ಸುರುಳಿ ಬಿಚ್ಚಿಕೊಂಡಿತು. ಸೀರೆಯೊಳಗಿಂದ 'ಗರ್‍ರ್‍ರ್‍' ಅಂತ ಉದ್ದಕ್ಕೆ ಸದ್ದು.

ಆಯಿ ನನ್ನ ಹೆಂಡತಿಯ ಕಡೆ ಬಾಗಿ, "ಅಜವಾನ ನೀರು ಕುಡಿಸವ್ವಾ. ಕೂಸಿನ ಹೊಟ್ಟಿ ಪೂರಾ ಕೆಟ್ಟದ," ಅಂದಳು.

ವಾಡಿಯಲ್ಲಿ ಗಾಡಿ ಬದಲಿಸಬೇಕು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. "ಇದನ್ನ ಈ ಬೆಂಚಿನ ಬುಡಕ ಬಿಟ್ಟು ಹೋಗಾಮು," ಅಂದೆ. "ಇಲ್ಲಿ ತನಕ ಒಬ್ಬರೂ ಇದನ್ನ ಕಾರು ಅಂದಿಲ್ಲ."

ಹೆಂಡತಿ ಗಂಟನ್ನು ತನ್ನ ತೊಡೆಗೆ ಎಳೆದುಕೊಂಡಳು. "ಬಿಟ್ಟು ಹೋಗ್ಲಿಕ್ಕಿ ಬರಂಗಿಲ್ಲ. ಎಲ್ಲಾರೂ ಕೂಸು ಅಂತ ತಿಳ್ಕೊಂಡಾರ," ಅಂದಳು.

ಮೊದಲ ಬಹುಮಾನ

ಆ ವರ್ಷ ಕೆಲಸಗಾರರ ಕ್ಲಬ್ಬಿನಲ್ಲಿ ಕೈಕೆಲಸದ ಪ್ರದರ್ಶನ ಇಟ್ಟರು. ಬಹುಮಾನ ಕೊಡಲು ಹೊರಗಿನಿಂದ ಒಬ್ಬ ದೊಡ್ಡ ಸಾಹೇಬರು ಬರುವವರಿದ್ದರು. ನನಗೆ ಬಹುಮಾನದ ಆಸೆ ಇರಲಿಲ್ಲ. ತಿಳಿದವರೊಬ್ಬರು ನೋಡಿ, ಇದು ಕಾರು ಅಂದರೆ ಸಾಕಿತ್ತು. ಚಕ್ರಗಳನ್ನು ತಿರುವಿ ಹಾಕಿ, ಕಾರು ಮುಂದೆ ಓಡುವ ಹಾಗೆ ಮಾಡಿ, ಮೇಜಿನ ಮೇಲೆ ಇಟ್ಟು ಹಿಂದೆ ನಿಂತೆ. ಪಕ್ಕದಲ್ಲಿ ಹೆಂಡತಿ.

ಸಾಹೇಬರು ಬಂದರು. ಕಸೂತಿ ನೋಡಿದರು, ಮಣ್ಣಿನ ಆನೆ ನೋಡಿದರು, ನನ್ನ ಮುಂದೆ ನಿಂತರು. ಮುಖ ಅರಳಿತು. ಮೇಲಿನ ಕಟ್ಟಿಗೆ ಹಿಡಿದು ಎತ್ತಿದರು, ಮೂತಿಯ ಮುಚ್ಚಳ ತೆರೆದು ಒಳಗೆ ಇಣುಕಿದರು, ಮೇಜಿನ ಬಟ್ಟೆಯ ಮೇಲೆ ಹಿಂದೆ ಮುಂದೆ ತಿಕ್ಕಿದರು.

"ವಾಹ್! ಇಸ್ತ್ರಿ ಪೆಟ್ಟಿಗೆಗೂ ಗಾಲಿ! ಹೆಣ್ಣುಮಕ್ಕಳಿಗೆ ಎಷ್ಟು ಅನುಕೂಲ! ಮೊದಲ ಬಹುಮಾನ ಇದಕ್ಕೇ."

ಫೋರ್‌ಮನ್ನರು ನನ್ನ ಕಾಲು ತುಳಿದರು, ಸುಮ್ಮನಿರು ಅಂತ. ನಾನು ಸುಮ್ಮನಿದ್ದೆ. ಸುಮ್ಮನಿರದವಳು ನನ್ನ ಹೆಂಡತಿ.

"ಕಾರ್‍ರಿ ಅದು!" ಅಂತ ಕೂಗಿದಳು. "ನಮ್ಮನಿಯವರು ಹಗಲೆಲ್ಲ ದುಡಿದು ಬಂದು, ಬೆರಳು ಕೊಯ್ಕೊಂಡು ಮಾಡಿದ ಕಾರು! ಇಸ್ತ್ರಿ ಅಂತೀರಲ್ಲ, ಕಣ್ಣು ಕಾಣಂಗಿಲ್ಲೇನ್ರಿ?"

ನಾನು ಅವಳ ಮುಖ ನೋಡಿದೆ. ಕೆಂಪಾಗಿತ್ತು. ಅಷ್ಟು ದಿನದ ಕಷ್ಟವೆಲ್ಲ ಒಂದು ಗಳಿಗೆ ಮರೆತುಹೋಯಿತು.

ಸಾಹೇಬರು ತಬ್ಬಿಬ್ಬಾದರು. ತಪ್ಪಾಯಿತು ಅಂದರು. ಕಾರನ್ನು ಕೆಳಗಿಟ್ಟು, ಮುಖ ಉಳಿಸಿಕೊಳ್ಳಲು ಆಕಡೆ ಈಕಡೆ ನೋಡಿದರು. ಮೇಜಿನ ತುದಿಯಲ್ಲಿ ಇನ್ನೊಂದು ವಸ್ತು ಇತ್ತು. ಮೇಜಿನ ಬಟ್ಟೆಗಳಿಗೆ ಇಸ್ತ್ರಿ ಹಾಕಿಕೊಡಲು ಬಂದಿದ್ದ ಇಸ್ತ್ರಿ ಅಂಗಡಿಯವನು ತನ್ನ ಪೆಟ್ಟಿಗೆ ಆರಲಿ ಅಂತ ಅಲ್ಲೇ ಬಿಟ್ಟಿದ್ದ.

"ಹಾಗಾದರೆ ಇದೂ ಕಾರೇ!" ಅಂದರು ಸಾಹೇಬರು, ಎಲ್ಲ ಅರ್ಥವಾದವರ ಹಾಗೆ. "ಇದು ಅದಕ್ಕಿಂತ ಚೆನ್ನಾಗಿ ಬಂದಿದೆ. ಯಾರು ಮಾಡಿದ್ದು?"

ಇಸ್ತ್ರಿಯವನನ್ನು ಹಿಂದಿನಿಂದ ಯಾರೋ ಮುಂದೆ ತಳ್ಳಿದರು. ಏನೋ ಸುಟ್ಟಿದೆ, ಅದಕ್ಕೇ ಕರೆದಿದ್ದಾರೆ ಅಂತ ಅವನು ನಡುಗುತ್ತಿದ್ದ.

"ನಡೆಯುತ್ತದೇನಪ್ಪಾ ಇದು?"

"ದಿನಾ ನಡೀತದ್ರಿ ಸಾಹೇಬ್ರ."

"ಪೆಟ್ರೋಲು ಎಷ್ಟು ಬೇಕು?"

"ಪೆಟ್ರೋಲ್ ಯಾಕ್ರಿ? ಎರಡು ಬೊಗಸಿ ಇದ್ದಲಿ ಹಾಕಿದ್ರ ಸಂಜಿ ತನಕ ನಡೀತದ್ರಿ."

ಪೆಟ್ರೋಲಿನ ಬೆಲೆ ಕೇಳಿದರೆ ಜನ ಬೆಚ್ಚುತ್ತಿದ್ದ ಕಾಲ ಅದು. ಸಾಹೇಬರು ಎರಡು ಕೈ ಎತ್ತಿ ಸಭೆಯ ಕಡೆ ತಿರುಗಿದರು. "ಕೇಳಿದಿರಾ? ಇದ್ದಲಿನ ಮೇಲೆ ಓಡುವ ಕಾರು! ನಮ್ಮ ದೇಶಕ್ಕೆ ಬೇಕಾದದ್ದು ಇದು!"

ಚಪ್ಪಾಳೆ ನಿಲ್ಲಲೇ ಇಲ್ಲ. ಬಹುಮಾನದ ಬೆಳ್ಳಿ ಬಣ್ಣದ ಬಟ್ಟಲು ಹಿಡಿದು ಇಸ್ತ್ರಿಯವನು ನನ್ನ ಮುಂದೆ ಬಂದು ನಿಂತ. ನನ್ನ ಕಾರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಅನುಕಂಪದಿಂದ ದನಿ ಇಳಿಸಿ ಹೇಳಿದ:

"ಬ್ಯಾಸರ ಮಾಡ್ಕೋಬ್ಯಾಡ್ರಿ ಅಣ್ಣೋರ. ನಿಮ್ಮ ಪೆಟ್ಟಿಗಿನೂ ಛಲೋ ಅದ. ತಳಾ ಒಂದೀಟು ಸಪಾಟ ಮಾಡ್ರಿ, ಸಾಕು."