ಬೇರೆ ರೊಪ್ಪದಲ್ಲಿ ಮಲಗದವನು

ತಮಿಳು ಸೀಮೆಯ ಮಾರಂಡಹಳ್ಳಿ ಪಕ್ಕದ ಕುರಿಹಟ್ಟಿಯಲ್ಲಿ ಹುಟ್ಟಿದ ಹನುಮಂತರಾಯಪ್ಪನಿಗೆ ಅದೇ ಕುರಿಹಟ್ಟಿಯನ್ನು ನೋಡಿಕೊಂಡು ಹೋಗಲು ಸರ್ಕಾರ ಮೂರು ತಿಂಗಳ ವಿಸಾ ಕೊಟ್ಟಿತು.

ಆರು ವರ್ಷದವನಿದ್ದಾಗ ಅಪ್ಪ ಅವನನ್ನು ಸಿಲೋನಿನ ಟೀ ತೋಟಕ್ಕೆ ಕರೆದೊಯ್ದಿದ್ದ. ಮೂವತ್ತೈದು ವರ್ಷ ಅಲ್ಲಿಯ ಗುಡ್ಡ ಅಗೆದರೂ ಜನ ಅವನನ್ನು ‘ಇಂಡಿಯಾದವನು’ ಎನ್ನುತ್ತಿದ್ದರು. ಇಲ್ಲಿಗೆ ಬಂದರೆ ಕೈಯಲ್ಲಿದ್ದ ಪಾಸ್‌ಪೋರ್ಟು ‘ಸಿಲೋನಿನವನು’ ಎಂದಿತು. ಅವನು ಹೊರಗಿನವನು ಎಂಬುದರಲ್ಲಿ ಎರಡೂ ದೇಶಗಳಿಗೆ ಪೂರ್ತಿ ಒಮ್ಮತವಿತ್ತು. ಅಕ್ಕ ಯಲ್ಲಮ್ಮ ಮಾತ್ರ ಮನೆಯಲ್ಲಿ ಅರ್ಧ ಭಾಗ, ಇಪ್ಪತ್ತು ಕುರಿ ಕೊಟ್ಟು, “ಇಲ್ಲೇ ಬಿದ್ದಿರು” ಎಂದಿದ್ದಳು. ಬಿದ್ದಿರಲು ಕಾಗದ ಬೇಕಿತ್ತು. ಎಪ್ಪತ್ತೊಂದನೇ ಇಸವಿಯ ಆ ಸೋಮವಾರ ವಿಸಾದ ಕೊನೆಯ ದಿನ.

ಬೆಳಿಗ್ಗೆ ತಾಲೂಕು ಕಚೇರಿಗೆ ಹೊರಟ ಬಸ್ಸಿನಲ್ಲಿ ಹನ್ನೆರಡು ಜನ ಸಾಕ್ಷಿಗಳಿದ್ದರು. ಅವರನ್ನು ಯಾರೂ ಕರೆದಿರಲಿಲ್ಲ. ಟೀ ಅಂಗಡಿಯ ಮುನಿಸ್ವಾಮಿ, ಊರಿನಲ್ಲಿ ಅರ್ಜಿ ಬರೆಯಬಲ್ಲ ಒಬ್ಬನೇ ಗಂಡಸು, ದಾರಿಯುದ್ದಕ್ಕೂ ಪಾಠ ಹೇಳಿಕೊಟ್ಟ.

“ನೋಡಣ್ಣೋ, ‘ಇಲ್ಲೇ ಉಟ್ದ, ನಮ್ಮೋನು.’ ಅಷ್ಟೇ. ಅದ್ರ ಮೇಲೆ ವಾಯೇ ತೊರಕ್ಕಕೂಡಾದು, ಬಾಯೇ ಬಿಡಂಗಿಲ್ಲ.”

“ನಂಗೆ ಏಳ್ಕೊಡ್ತೀಯೇನ್ಲಾ,” ಎಂದರು ಎಪ್ಪತ್ತು ದಾಟಿದ ಅಪ್ಪಯ್ಯ. “ನೀನು ಉಟ್ಟೋಕ್ ಮುಂಚಿಂದ ಸಾಕ್ಷಿ ಏಳ್ತಿವ್ನಿ.”

ಹೌದು, ಹೇಳುತ್ತಿದ್ದರು. ಕುರಿಗಳ ವಿಷಯದಲ್ಲಿ. ಕುರಿಹಟ್ಟಿಯ ಪಂಚಾಯ್ತಿಗೆ ಇರುವುದು ಒಂದೇ ಕಾನೂನು: ತಪ್ಪಿಸಿಕೊಂಡ ಕುರಿ ಒಂದು ರಾತ್ರಿ ಬೇರೆಯವರ ರೊಪ್ಪದಲ್ಲಿ ಮಲಗಿತೋ, ಅದು ಅವರದಾಯಿತು. ಆದ್ದರಿಂದ ಕುರಿಯ ಮುಖವನ್ನೇ ನೋಡದ ಸಾಕ್ಷಿಯೂ ‘ಒಂದು ರಾತ್ರೀನೂ ಬೇರೆ ರೊಪ್ಪದಲ್ಲಿ ಮಲಗಿಲ್ಲ’ ಎಂದು ಆಣೆ ಇಡುವುದು ವಾಡಿಕೆ.

ತಹಸೀಲ್ದಾರರು ಕೆಚ್ಚಲು ಬತ್ತಿದ ಮೇಕೆಯ ಹಾಗೆ ಮುಖ ಮಾಡಿಕೊಂಡು ಕುಳಿತಿದ್ದರು. “ಇವನು ಇಲ್ಲೇ ಹುಟ್ಟಿದವನಾ?”

“ಇಲ್ಲೇ ಉಟ್ದ, ನಮ್ಮೋನು,” ಎಂದರು ಅಪ್ಪಯ್ಯ. ಮುನಿಸ್ವಾಮಿ ಉಸಿರು ಬಿಟ್ಟ. ಆದರೆ ಎದುರಿಗೆ ಮೇಜು, ಕೇಳುವ ಕಿವಿ, ಹಿಂದೆ ಊರಿನ ಜನ. ಐವತ್ತು ವರ್ಷದ ಅಭ್ಯಾಸ ಸುಮ್ಮನಿರಲಿಲ್ಲ. “ಒಂದು ರಾತ್ರೀನೂ ಬೇರೆ ರೊಪ್ಪದಲ್ಲಿ ಮಲಗಿಲ್ಲ, ಸಾಮಿ.”

“ಅಂದರೆ? ಊರೇ ಬಿಟ್ಟಿಲ್ವಾ?”

“ಬಿಟ್ಟಿಲ್ಲ,” ಎಂದರು ಹನ್ನೆರಡೂ ಜನ.

“ಸಾರ್, ನಾನು ಸಿಲೋನ್...” ಎಂದು ಹನುಮಂತರಾಯಪ್ಪ ಬಾಯಿ ತೆರೆದ. ಜೊತೆಗೆ ಬಂದಿದ್ದ ಯಲ್ಲಮ್ಮ ತೊಡೆ ಚಿವುಟಿದಳು. ಬಾಯಿ ಮುಚ್ಚಿತು.

ತಹಸೀಲ್ದಾರರು ಯೋಚಿಸಿದರು. ಹೊರಗಿನಿಂದ ಬಂದವನಾದರೆ ಫೈಲು ಮದ್ರಾಸಿಗೆ ಹೋಗಬೇಕು, ಅಲ್ಲಿಂದ ದಿಲ್ಲಿಗೆ. ಊರನ್ನೇ ಬಿಡದವನಾದರೆ ಈ ಮೇಜಿನ ಮೇಲೆಯೇ ಮುಗಿಯುತ್ತದೆ. ಊಟದ ಹೊತ್ತೂ ಆಗಿತ್ತು. ನ್ಯಾಯ ಇಷ್ಟು ಬೇಗ ದೊರಕಿದ್ದು ಹಸಿವಿನಿಂದ. ‘ಹುಟ್ಟಿದಂದಿನಿಂದ ಈ ಊರಿನ ಕಾಯಂ ನಿವಾಸಿ, ಎಂದೂ ಊರು ಬಿಟ್ಟು ಹೋದವನಲ್ಲ’ ಎಂಬ ಸರ್ಟಿಫಿಕೇಟಿಗೆ ಸೀಲು ಬಿತ್ತು. ಅಪ್ಪಯ್ಯನ ಹಿಂದೆ ಹನ್ನೊಂದು ಹೆಬ್ಬೆಟ್ಟುಗಳು ಬೇಲಿ ಹಾರುವ ಕುರಿಗಳಂತೆ ಸಾಲಾಗಿ ಒತ್ತಿದವು.

ಊರಿಗೆ ಬಂದರೆ ಜಗಲಿಯ ಮೇಲೆ ಹೆಡ್ ಕಾನ್‌ಸ್ಟೇಬಲ್ ಗೋಪಾಲಪ್ಪ, ಊರವರ ಬಾಯಲ್ಲಿ ಏಟ್ಟಯ್ಯ, ರಿಜಿಸ್ಟರ್ ಹಿಡಿದು ಕುಳಿತಿದ್ದ. ಹನುಮಂತರಾಯಪ್ಪ ಸರ್ಟಿಫಿಕೇಟು ಚಾಚಿದ.

ಏಟ್ಟಯ್ಯ ಎರಡು ಸಲ ಓದಿದ. ಟೋಪಿ ತೆಗೆದ. “ಓ, ನೀವು ಊರೋರು. ಮನ್ನಿಚ್ಕೊಳ್ಳಿ. ಸರಿ, ಆ ವಿಸಿಟರ್ ಎಲ್ಲಿ?”

“ಯಾವ ವಿಸಿಟರ್?”

“ಸಿಲೋನ್‌ನಿಂದ ಬಂದೋನು. ಹನುಮಂತರಾಯಪ್ಪ. ಇದೇ ಮನೇಲಿ ಅವ್ನೆ ಅಂತ ಬರ್ದೈತೆ. ಇವತ್ತು ರಾಮೇಶ್ವರದ ಕಡೆಗೆ ಬಸ್ ಅತ್ತಬೇಕು.”

“ಅದು ನಾನೇ ಅಲ್ವಾ ಏಟ್ಟಯ್ಯ. ಫೋಟೋ ನೋಡಿ.”

“ಒಂದೇ ವಂಶ, ಮುಖ ಬ್ಯಾರೆ ಯಾಕಿರ್ತದೆ? ನೀವು ಊರೇ ಬಿಟ್ಟಿಲ್ಲ, ಸೀಲ್ ಐತೆ.” ಏಟ್ಟಯ್ಯ ಸಮಾಧಾನವಾಗಿ ಬಿಡಿಸಿ ಹೇಳಿದ. “ಅದು ನೀವೇ ಅಂದ್ರೆ ಈ ಕಾಗ್ದ ಸುಳ್ಳು. ಹೆಬ್ಬೆಟ್ ಒತ್ತಿದ ಹನ್ನೆರಡು ಜನಾನೂ ಜೈಲಿಗೆ.”

ಅಪ್ಪಯ್ಯ ಹೆಬ್ಬೆರಳನ್ನು ಮೆಲ್ಲನೆ ಕಂಬಳಿಯೊಳಗೆ ಎಳೆದುಕೊಂಡರು.

“ನೀವಲ್ಲ ಅಂದ್ರೆ, ಫಾರಿನರ್‌ನ ಒಳಗಿಟ್ಕೊಂಡಿರೋ ಮನೆ ಯಜಮಾನ್ರು ನೀವು. ಅವನನ್ನ ಇವತ್ತೇ ಓರ್ಗಾಕ್ತೀನಿ ಅಂತ ಇಲ್ಲಿ ಕೈಯೆಳುತ್ತು, ಅದೇ ರುಜು, ಆಕಿ. ಇಲ್ಲಾಂದ್ರೆ ಅವನ ಬದ್ಲು ನಿಮ್ಮನ್ನ ಸ್ಟೇಷನ್ನಿಗೆ ಕರ್ಕೊಂಡೋಗ್ಬೇಕಾಯ್ತದೆ.”

ಮುನಿಸ್ವಾಮಿ ತಾನೇ ಮುಂದೆ ಬಂದು ಪೆನ್ನು ಕೊಟ್ಟ. “ಆಕ್ಬಿಡಣ್ಣ. ನಿನ್ನನ್ನಲ್ವಲ್ಲ ಓರ್ಗಾಕೋದು.”

ಹನುಮಂತರಾಯಪ್ಪ ರಿಜಿಸ್ಟರಿನಲ್ಲಿದ್ದ ತನ್ನ ಫೋಟೋವನ್ನು ನೋಡಿದ. ಪರದೇಶಿ ಮುಖ, ಪಾಪ. ಪೆನ್ನಿನ ಮುಚ್ಚಳ ಹಾಕಿ ಮುನಿಸ್ವಾಮಿಯ ಜೇಬಿಗೆ ಸಿಕ್ಕಿಸಿದ.

“ಮೂವತ್ತೈದು ವರ್ಷ ಆದ್ಮೇಲೆ ಅಕ್ಕನ ಮನೇಗ್ ಬಂದವ್ನೆ, ಏಟ್ಟಯ್ಯ. ಓಗು ಅಂತ ನಾನು ಏಳಲ್ಲ. ಕೈಯೆಳುತ್ತು ಆಕಲ್ಲ.”